ಕೃಷಿ ಮೇಳಕ್ಕೆ ಕಾರಿನಲ್ಲಿ ಹೊರಟವರು ಎಲ್ಲಿ ತಂಗಬೇಕು?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣದಲ್ಲಿ ನವೆಂಬರ್ ತಿಂಗಳಲ್ಲಿ ನಾಲ್ಕು ದಿನಗಳ ಕೃಷಿ ಮೇಳವನ್ನು ನಡೆಸುತ್ತ ಬಂದಿದೆ. 2024ರಲ್ಲಿ ಇದು ನವೆಂಬರ್ 14ರಿಂದ 17ರವರೆಗೆ, 2025ರಲ್ಲಿ 13ರಿಂದ 16ರವರೆಗೆ ನಡೆಯಿತು. ಹೊಸ ತಳಿಗಳ ಪ್ರಾತ್ಯಕ್ಷಿಕೆ, ಸಣ್ಣ ಯಂತ್ರಗಳು, ಹನಿ ನೀರಾವರಿ ಸಾಮಗ್ರಿ, ಬೀಜ ಹಾಗೂ ಸಸಿಗಳು ಒಂದೇ ಕಡೆ ನೋಡಲು ಸಿಗುವುದರಿಂದ ಬಯಲುಸೀಮೆಯವರಲ್ಲದೆ ಘಟ್ಟದ ಕೆಳಗಿನ ರೈತರೂ ಇದಕ್ಕೆ ಬರುತ್ತಾರೆ.

ಸುಳ್ಯ ತಾಲ್ಲೂಕಿನ ಐವರ್ನಾಡಿನಂಥ ಊರಿನವರಿಗೆ ಇದು ಬರಿಯ ತಿರುಗಾಟವಲ್ಲ. ಇದೇ ತಾಲ್ಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆ ಸೇರಿಕೊಂಡಿದೆ. ಅಡಿಕೆಯ ನಡುವೆ ಇನ್ನೇನು ಬೆಳೆಯಬಹುದು, ಕೆಲಸಕ್ಕೆ ಜನ ಸಿಗದ ಈ ದಿನಗಳಲ್ಲಿ ಯಾವ ಯಂತ್ರ ತಮ್ಮ ಇಳಿಜಾರು ಜಮೀನಿಗೆ ಹೊಂದೀತು ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಬೆಳೆಗಾರರಿಗೆ ಸಹಜ. ಆದರೆ ಮೇಳದ ಹೊತ್ತಿಗೆ ಸರಿಯಾಗಿ ತೋಟದಲ್ಲಿ ಅಡಿಕೆಯ ಮೊದಲ ಕೊಯ್ಲೂ ಬರುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮನೆಯವರ ಮೇಲೆ ಬಿಟ್ಟು ಮೂರು ರಾತ್ರಿಗಿಂತ ಹೆಚ್ಚು ಹೊರಗಿರುವುದು ಕಷ್ಟ. ನವೆಂಬರಿನ ಅಕಾಲಿಕ ಮಳೆ ಯಾವ ಸಂಜೆ ಬಂದೀತೆಂದು ಹೇಳಲಾಗದು.

ಈ ಎರಡು ಮೂರು ರಾತ್ರಿಗಳ ವಸತಿಯೇ ಬಹಳ ಮಂದಿಗೆ ತೊಡಕಾಗಿದೆ. ಬೆಂಗಳೂರಿನ ಬಾಡಿಗೆ ಕೇಳಿ ಕೆಲವರು ಹೊರಡುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ನಡುರಾತ್ರಿ ಊರು ಬಿಟ್ಟು, ಹಗಲೆಲ್ಲ ಮೇಳದಲ್ಲಿ ನಡೆದು, ಅದೇ ರಾತ್ರಿ ಶಿರಾಡಿ ಘಾಟಿ ಇಳಿಯುತ್ತಾರೆ. ವಸತಿಯ ಖರ್ಚು ಉಳಿಸಲು ನಿದ್ದೆಗಣ್ಣಿನಲ್ಲಿ ಘಾಟಿ ಇಳಿಯುವುದು ಯಾವ ಲೆಕ್ಕದಲ್ಲಿಯೂ ಉಳಿತಾಯವಾಗದು. ನಗರದ ಹೊರಗೆ, ಕೈಗೆಟುಕುವ ಬಾಡಿಗೆಯ ಕೋಣೆಯನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗುವುದೇ ಇದಕ್ಕೆ ಸರಿಯಾದ ದಾರಿ. ಹಾಗೆಂದು ನಗರದ ಹೊರಗಿನ ಎಲ್ಲ ಕೋಣೆಯೂ ಅಗ್ಗವಲ್ಲ. ಬಾಡಿಗೆ ಅಗ್ಗವಾದದ್ದು ಒಟ್ಟಿನಲ್ಲಿ ಅಗ್ಗವಾಗಬೇಕೆಂದೂ ಇಲ್ಲ.

ನಾಲ್ವರ ಲೆಕ್ಕ

ಐವರ್ನಾಡಿನಿಂದ ನಾಲ್ವರು ಬೆಳೆಗಾರರು ಒಂದು ಕಾರಿನಲ್ಲಿ ಹೊರಡುತ್ತಾರೆ ಎಂದಿಟ್ಟುಕೊಳ್ಳೋಣ. ಇಬ್ಬರಿಗೊಂದರಂತೆ ಅವರಿಗೆ ಎರಡು ಕೋಣೆ ಬೇಕು. ಕಾರು ಲೀಟರಿಗೆ 15 ಕಿ.ಮೀ. ಓಡುತ್ತದೆ, ಪೆಟ್ರೋಲಿಗೆ ಲೀಟರಿಗೆ ನೂರು ರೂಪಾಯಿಗಿಂತ ತುಸು ಹೆಚ್ಚು ಎಂದು ಹಿಡಿದರೆ ಕಿ.ಮೀ. ಒಂದಕ್ಕೆ ಇಂಧನದ ಖರ್ಚು ಸುಮಾರು 7 ರೂ. ಆಗುತ್ತದೆ. ಅಂದರೆ ಕೋಣೆಯು ಮೇಳದ ಸ್ಥಳದಿಂದ ಹತ್ತು ಕಿ.ಮೀ. ದೂರ ಸರಿದಂತೆಲ್ಲ, ಹೋಗಿ ಬರುವುದು ಸೇರಿ ದಿನಕ್ಕೆ 140 ರೂ. ಹೆಚ್ಚುತ್ತದೆ. ಮೊದಲು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಬಾಡಿಗೆ. ಕೆಳಗಿನ ದರಗಳು ಲೆಕ್ಕದ ರೀತಿಯನ್ನು ತೋರಿಸುವ ಸಲುವಾಗಿ ಹಿಡಿದವು. ಹೊರಡುವ ಮುನ್ನ ಫೋನಿನಲ್ಲಿ ಕೇಳಿ ತಿಳಿದ ನಿಜವಾದ ದರವನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ನಗರದ ನಡುವೆ, ಗಾಂಧಿನಗರದಲ್ಲಿ ಕೋಣೆಗೆ 2,000 ರೂ. ಎಂದರೆ ಎರಡಕ್ಕೆ 4,000 ರೂ. ಹಳೆಯ ಲಾಡ್ಜುಗಳಲ್ಲಿ ಹೆಚ್ಚಿನವಕ್ಕೆ ಕಾರು ನಿಲ್ಲಿಸುವ ಜಾಗವಿರುವುದಿಲ್ಲ. ಹೊರಗೆ ನಿಲ್ಲಿಸಲು 300 ರೂ. ಎಂದು ಸೇರಿಸಬೇಕು. ಜಿಕೆವಿಕೆಗೆ ಸುಮಾರು 13 ಕಿ.ಮೀ.; ಹೋಗಿ ಬರಲು 182 ರೂ. ದಿನವೊಂದಕ್ಕೆ ಒಟ್ಟು 4,482 ರೂ. ಯಲಹಂಕದಲ್ಲಿ ಕೋಣೆಗೆ 1,800 ರೂ. ಆದರೂ ಮೇಳ ಆರೇ ಕಿ.ಮೀ. ದೂರದಲ್ಲಿರುವುದರಿಂದ ಒಟ್ಟು ಖರ್ಚು 3,684 ರೂ.ಗೆ ಇಳಿಯುತ್ತದೆ. ನೆಲಮಂಗಲದಲ್ಲಿ ಕೋಣೆಗೆ 1,200 ರೂ., ಪೀಣ್ಯ, ಗೊರಗುಂಟೆಪಾಳ್ಯ, ಹೆಬ್ಬಾಳದ ಮೂಲಕ ದೂರ ಸುಮಾರು 35 ಕಿ.ಮೀ. ಎಂದರೆ ಒಟ್ಟು 2,890 ರೂ. ದೊಡ್ಡಬಳ್ಳಾಪುರದಲ್ಲೂ ಅದೇ ಬಾಡಿಗೆ, ದೂರ ಸುಮಾರು 28 ಕಿ.ಮೀ. ಎಂದು ಹಿಡಿದರೆ 2,792 ರೂ.

ಇನ್ನೂ ಹಿಂದಕ್ಕೆ, ಹಾಸನ ರಸ್ತೆಯ ಕುಣಿಗಲ್ಲಿನಲ್ಲಿ ಕೋಣೆ 1,000 ರೂ.ಗೆ ಸಿಕ್ಕಿತೆನ್ನಿ. ಬಾಡಿಗೆಯಲ್ಲಿ 400 ರೂ. ಉಳಿಯಿತು. ಆದರೆ ಮೇಳ ಅಲ್ಲಿಂದ ಸುಮಾರು 78 ಕಿ.ಮೀ. ಹೋಗಿ ಬರುವ 156 ಕಿ.ಮೀ.ಗೆ ಇಂಧನ 1,092 ರೂ.; ಒಟ್ಟು 3,092 ರೂ., ಟೋಲ್ ಬೇರೆ. ಗೊಬ್ಬರದ ವಿಷಯದಲ್ಲಿ ರೈತರಿಗೆ ಗೊತ್ತಿರುವ ಸಂಗತಿಯೇ ಇಲ್ಲಿಯೂ ಕಂಡುಬರುತ್ತದೆ. ಮೊದಲ ಚೀಲಕ್ಕೆ ಬಂದಷ್ಟು ಫಲ ಮೂರನೆಯ ಚೀಲಕ್ಕೆ ಬರುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಹಾಕಿದ ಹಣವೂ ಹಿಂತಿರುಗುವುದಿಲ್ಲ. ನಗರದಿಂದ ಮೊದಲ 25-30 ಕಿ.ಮೀ. ದೂರ ಸರಿದಾಗ ಬಾಡಿಗೆ ಚೆನ್ನಾಗಿ ಇಳಿಯುತ್ತದೆ. ಅದಕ್ಕಿಂತ ಆಚೆ ಇಳಿಯುವುದು ಅಲ್ಪ, ಏರುವುದು ಪೆಟ್ರೋಲು.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಅಗತ್ಯ. ಮೇಳಕ್ಕೆಂದು ಒಂದೇ ದಿನ ಮೀಸಲಿಟ್ಟವರಿಗೆ ಕುಣಿಗಲ್ಲು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣಗಳು ತಪ್ಪು ಆಯ್ಕೆಯಲ್ಲ. ಅವು ಬರುವ ದಾರಿಯಲ್ಲೇ ಇವೆ. ಅಲ್ಲಿಂದ ಮುಂದಿನ ದಾರಿಯನ್ನು ಹೇಗಿದ್ದರೂ ಒಮ್ಮೆ ಹೋಗಿ ಬರಲೇಬೇಕು. ಹೀಗಾಗಿ ದೂರಕ್ಕೆ ಬೇರೆ ಖರ್ಚು ಬೀಳುವುದಿಲ್ಲ, ಕಡಿಮೆ ಬಾಡಿಗೆಯ ಲಾಭವೆಲ್ಲ ಕೈಗೆ ಸಿಗುತ್ತದೆ. ಎರಡು ದಿನ ನೋಡಬೇಕೆನ್ನುವವರು ಮಾತ್ರ ಆ ದಾರಿಯನ್ನು ಎರಡು ಸಲ ತುಳಿಯಬೇಕಾಗುತ್ತದೆ. ಅವರು ಕೋಣೆಯನ್ನು ಕೆಲಸವಿರುವ ದಿಕ್ಕಿನಲ್ಲಿ ಹುಡುಕಬೇಕು. ಮೂರು ರಾತ್ರಿ ಉಳಿದು ಎರಡು ದಿನ ಮೇಳ ನೋಡುವ ನಾಲ್ವರಿಗೆ, ನೆಲಮಂಗಲದಿಂದ ಮುಂದಿನ ಪಯಣವನ್ನೂ ಸೇರಿಸಿದರೆ, ಗಾಂಧಿನಗರದಲ್ಲಿ 13,642 ರೂ., ದೊಡ್ಡಬಳ್ಳಾಪುರದಲ್ಲಿ 8,404 ರೂ. ಬೀಳುತ್ತದೆ. ವ್ಯತ್ಯಾಸ ಐದು ಸಾವಿರಕ್ಕೂ ಮಿಕ್ಕಿ. ಚಾಲಿ ಅಡಿಕೆಗೆ ಕಿಲೋಗೆ 400 ರೂ. ಎಂದು ಹಿಡಿದರೆ ಇದು ಹದಿಮೂರು ಕಿಲೋ ಅಡಿಕೆಯ ಬೆಲೆ.

ಐದನೆಯವರು ಜೊತೆಗೂಡಿದರೆ ಮೂರನೆಯ ಕೋಣೆ ಹಿಡಿಯುವ ಮೊದಲು ಹೆಚ್ಚುವರಿ ಹಾಸಿಗೆ ಕೊಡುವರೇ ಎಂದು ಕೇಳಬೇಕು. ಒಬ್ಬರೋ ಇಬ್ಬರೋ ಹೋಗುವುದಾದರೆ ಕಾರು ಒಯ್ಯುವುದೇ ದುಬಾರಿ. ಸುಳ್ಯ, ಪುತ್ತೂರುಗಳಿಂದ ಸಾರಿಗೆ ಬಸ್ಸು, ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲು ಇರುವಾಗ ಮುನ್ನೂರು ಕಿ.ಮೀ.ಗೂ ಹೆಚ್ಚಿನ ದಾರಿಯನ್ನು ಖಾಲಿ ಸೀಟುಗಳೊಡನೆ ಕ್ರಮಿಸುವುದರಲ್ಲಿ ಅರ್ಥವಿಲ್ಲ.

ದಿಕ್ಕು ತಪ್ಪಿದರೆ

ಐವರ್ನಾಡಿನಿಂದ ಬೆಂಗಳೂರಿಗೆ ಎರಡು ಮುಖ್ಯ ದಾರಿಗಳಿವೆ. ಒಂದು, ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರು, ಮೈಸೂರು ಮಾರ್ಗ. ಇನ್ನೊಂದು, ಬೆಳ್ಳಾರೆ, ಪಂಜ, ಸುಬ್ರಹ್ಮಣ್ಯದ ಮೇಲೆ ಗುಂಡ್ಯಕ್ಕೆ ಹೋಗಿ ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲದ ಮೂಲಕ ಸಾಗುವ ಮಾರ್ಗ. ದೂರದಲ್ಲಿ ಇವೆರಡಕ್ಕೆ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದು ಬೆಂಗಳೂರಿನ ನೈಋತ್ಯ ಬಾಗಿಲಿಗೂ ಎರಡನೆಯದು ವಾಯವ್ಯ ಬಾಗಿಲಿಗೂ ತಂದು ಬಿಡುತ್ತದೆ. ಜಿಕೆವಿಕೆ ಇರುವುದು ನಗರದ ಉತ್ತರಕ್ಕೆ, ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ.

ಮೈಸೂರು ದಾರಿ ರೂಢಿಯಿದ್ದವರು ರಾಮನಗರದಲ್ಲೋ ಬಿಡದಿಯಲ್ಲೋ ಕೋಣೆ ಹಿಡಿದು, ‘ಇನ್ನೇನು ಬೆಂಗಳೂರು ಬಂತು’ ಎಂದುಕೊಳ್ಳುವುದುಂಟು. ಮಾರನೆಯ ದಿನ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾಗುತ್ತದೆ. ಮೈಸೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಟೋಲ್ ಕೊಟ್ಟರೆ ತುಮಕೂರು ರಸ್ತೆಯವರೆಗೆ ಸುಗಮವಾಗಿ ಬರಬಹುದು ನಿಜ. ಆದರೆ ನೈಸ್ ರಸ್ತೆ ಅಲ್ಲಿಗೇ ಮುಗಿಯುತ್ತದೆ, ಬಳ್ಳಾರಿ ರಸ್ತೆಯನ್ನು ಮುಟ್ಟುವುದಿಲ್ಲ. ಬೆಂಗಳೂರು-ಮೈಸೂರು ದಶಪಥದ ವಿಷಯದಲ್ಲಿ ಇನ್ನೊಂದು ಎಚ್ಚರ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಹೆದ್ದಾರಿಯು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಅಗ್ಗದ ಲಾಡ್ಜುಗಳಿರುವುದು ಹಳೆಯ ರಸ್ತೆಯ ಪೇಟೆಗಳಲ್ಲಿ. ಊರಿನ ಹೆಸರು ಫಲಕದಲ್ಲಿ ಕಂಡಾಗಲೇ ಪಕ್ಕದ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ಮುಂದಿನ ಇಳಿದಾಣದವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ.

ಆದ್ದರಿಂದ ಜಿಕೆವಿಕೆ ಮೇಳಕ್ಕೆ ಶಿರಾಡಿ ದಾರಿಯೇ ಉತ್ತಮ. ನೆಲಮಂಗಲ ತಲಪಿದ ಮೇಲೆ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆಗೆ ನುಗ್ಗದೆ, ಎಡಕ್ಕೆ ಮಧುರೆ ಮಾರ್ಗವಾಗಿ ಸುಮಾರು ಮೂವತ್ತು ಕಿ.ಮೀ. ಹೋದರೆ ದೊಡ್ಡಬಳ್ಳಾಪುರ ಸಿಗುತ್ತದೆ. ಅಲ್ಲಿಂದ ರಾಜಾನುಕುಂಟೆ, ಯಲಹಂಕದ ಮೂಲಕ ಜಿಕೆವಿಕೆ. ಈ ದಾರಿ ಹಿಡಿದವರು ಬೆಂಗಳೂರಿನ ಒಳಗನ್ನು ಕಾಣದೆಯೇ ಮೇಳ ಮುಗಿಸಿಕೊಂಡು ಊರಿಗೆ ಮರಳಬಹುದು. ಹಳ್ಳಿಯ ರಸ್ತೆಯಲ್ಲಿ ಮಾತ್ರ ಕಾರು ಓಡಿಸಿ ಅಭ್ಯಾಸವಿರುವ ಚಾಲಕನಿಗೆ ಇದು ಸಣ್ಣ ಅನುಕೂಲವಲ್ಲ.

ಎಲ್ಲಿ ಹುಡುಕಬೇಕು

ದೊಡ್ಡಬಳ್ಳಾಪುರ ನೇಕಾರಿಕೆಯ ಊರು. ಮಗ್ಗಗಳ ವ್ಯವಹಾರಕ್ಕೂ ಹತ್ತಿರದ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಕೆಲಸಕ್ಕೂ ಬರುವವರಿಗೆ ಬೇಕಾದ ಸಾಧಾರಣ ಲಾಡ್ಜುಗಳು ಇಂಥ ಊರಿನಲ್ಲಿ ಸಿಗುತ್ತವೆ. ಪ್ರವಾಸಿಗರನ್ನು ನಂಬಿದ ಊರಲ್ಲದ ಕಾರಣ ಬಾಡಿಗೆ ಹಬ್ಬ ಹರಿದಿನಕ್ಕೆ ತಕ್ಕಂತೆ ಜಿಗಿಯುವುದು ಕಡಿಮೆ. ಊರಿನಿಂದ ಸ್ವಲ್ಪ ಆಚೆಗೆ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆ. ಕುಕ್ಕೆಯ ನೆರೆಯವರಾದ ಸುಳ್ಯದವರಿಗೆ ಈ ಹೆಸರು ಹೊಸದಲ್ಲ. ಯಾತ್ರಿಕರಿಗಾಗಿ ಇರುವ ಕೋಣೆಗಳು ಅಲ್ಲಿ ದೊರೆಯುತ್ತವೆ; ಆದರೆ ಮಂಗಳವಾರ, ಭಾನುವಾರ, ಷಷ್ಠಿ ದಿನಗಳಲ್ಲಿ ಜನಸಂದಣಿ ಹೆಚ್ಚು. ಘಾಟಿಯಲ್ಲಿ ಚಳಿಗಾಲದಲ್ಲಿ ಸೇರುವ ದನಗಳ ಜಾತ್ರೆ ಹಳೆಯ ಕಾಲದಿಂದ ಹೆಸರಾದದ್ದು, ಆ ದಿನಗಳಲ್ಲಿ ಕೋಣೆಯ ಮಾತೇ ಇಲ್ಲ.

ನೆಲಮಂಗಲದ ಅನುಕೂಲವೆಂದರೆ ಅದು ದಾರಿಯಲ್ಲೇ ಇರುವುದು. ದೊಡ್ಡಬಳ್ಳಾಪುರಕ್ಕೆ ಹೋಗಿ ಬರುವ ಅರವತ್ತು ಕಿ.ಮೀ. ಇಲ್ಲಿ ಉಳಿಯುತ್ತದೆ. ಹಣದ ಲೆಕ್ಕದಲ್ಲಿ ಎರಡೂ ಊರುಗಳು ಹೆಚ್ಚುಕಡಿಮೆ ಸಮವೇ. ತೀರ್ಮಾನಿಸಬೇಕಾದದ್ದು ಚಾಲಕನ ಆಯಾಸವನ್ನು ನೋಡಿ. ನೆಲಮಂಗಲದಿಂದ ಹೊರಟವನು ಬೆಳಗಿನ ಹೊತ್ತು ಪೀಣ್ಯ, ಗೊರಗುಂಟೆಪಾಳ್ಯ, ಹೆಬ್ಬಾಳಗಳ ನೂಕುನುಗ್ಗಲನ್ನು ದಾಟಬೇಕು, ಅಥವಾ ಹೆಸರಘಟ್ಟ, ರಾಜಾನುಕುಂಟೆಯ ಮೇಲೆ ಸುತ್ತು ಬಳಸಿ ಯಲಹಂಕ ಸೇರಬೇಕು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೂ ಭೇಟಿ ಕೊಡುವವರಿಗೆ ನೆಲಮಂಗಲ ಬಹಳ ಅನುಕೂಲ. ತುಮಕೂರು ರಸ್ತೆಯ ಮಾದಾವರದ ಬಳಿ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರವಿದೆ. ಅಲ್ಲಿ ದೊಡ್ಡ ಪ್ರದರ್ಶನ ನಡೆಯುವ ವಾರದಲ್ಲಿ ಆಸುಪಾಸಿನ ಕೋಣೆಗಳೆಲ್ಲ ಭರ್ತಿಯಾಗಿ ಬಾಡಿಗೆ ಏರುವುದರಿಂದ ದಿನಾಂಕವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಇದೇ ಕಾರಣಕ್ಕೆ, ಬೇರೆ ಕೆಲಸದ ಮೇಲೆ ಫೆಬ್ರವರಿಯಲ್ಲಿ ಬರುವವರು, ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ಇರುವಾಗ ಆ ಕಡೆ ಕೋಣೆ ಹುಡುಕಲು ಹೋಗಬಾರದು. 2023 ಮತ್ತು 2025ರ ಫೆಬ್ರವರಿಗಳಲ್ಲಿ ಈ ಪ್ರದರ್ಶನ ನಡೆದಿತ್ತು.

ನಕ್ಷೆಯಲ್ಲಿ ದೇವನಹಳ್ಳಿಯೂ ಹತ್ತಿರವೆಂದು ತೋರುತ್ತದೆ. ಆದರೆ ಅದು ವಿಮಾನ ನಿಲ್ದಾಣದ ಊರು. ಮುಂಜಾವಿನ ವಿಮಾನ ಹಿಡಿಯುವವರು ಕೊಡುವ ಬಾಡಿಗೆಗೆ ರೈತರು ಪೈಪೋಟಿ ನಡೆಸಲಾಗದು. ಸಾದಹಳ್ಳಿಯ ಟೋಲ್ ಬೇರೆ ಇದೆ. ನಂದಿ ಬೆಟ್ಟದ ಸುತ್ತಲಿನ ರೆಸಾರ್ಟುಗಳು ವಾರಾಂತ್ಯದಲ್ಲಿ ನಗರದವರಿಗಾಗಿಯೇ ಇರುವಂಥವು.

ಖರ್ಚಿಲ್ಲದ ವಸತಿ ಎಂದರೆ ಮಗನ ಅಥವಾ ಮಗಳ ಮನೆ. ಸುಳ್ಯ, ಪುತ್ತೂರು ಕಡೆಯ ಬಹಳ ಕುಟುಂಬಗಳ ಮಕ್ಕಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಅಪ್ಪ ಅಮ್ಮ ಬಂದು ನಾಲ್ಕು ದಿನ ಉಳಿಯಲಿ ಎಂಬ ಆಸೆ ಅವರಿಗೂ ಇರುತ್ತದೆ. ಆದರೆ ಮನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ಅಲ್ಲಿಂದ ಜಿಕೆವಿಕೆಗೆ ಮೂವತ್ತು ಕಿ.ಮೀ.ಗೂ ಮಿಕ್ಕಿದ ದಾರಿ, ಅದೂ ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು. ಹೆಚ್ಚಿನ ವಸತಿ ಸಮುಚ್ಚಯಗಳಲ್ಲಿ ಮನೆಗೊಂದೇ ಕಾರಿನ ಜಾಗ. ಹೊರಗಿನ ಕಾರಿಗೆ ಒಳಗೆ ಬಿಡಲಾರರು. ಜೊತೆಯಲ್ಲಿ ಮೂವರು ಊರಿನವರಿದ್ದಾರೆಂದರೆ ಎರಡು ಕೋಣೆಯ ಮನೆಯಲ್ಲಿ ಸೊಸೆಗೂ ಇಕ್ಕಟ್ಟು, ಬಂದವರಿಗೂ ಸಂಕೋಚ. ಮೇಳದ ಕೆಲಸ ಮುಗಿಸಿ, ಜೊತೆಯವರನ್ನು ಬಸ್ಸಿಗೆ ಬಿಟ್ಟು, ಆಮೇಲೆ ಮಗನ ಮನೆಗೆ ಹೋಗಿ ನಿಶ್ಚಿಂತೆಯಿಂದ ಎರಡು ದಿನ ಇರುವುದು ಮೇಲು.

ಇದಲ್ಲದೆ ಕೃಷಿ ಇಲಾಖೆಯ ಆತ್ಮ ಯೋಜನೆಯಲ್ಲಿ ರೈತರ ಅಧ್ಯಯನ ಪ್ರವಾಸಗಳಿಗೆ ಅವಕಾಶವಿದೆ. ಆ ವರ್ಷ ಮೇಳಕ್ಕೆ ತಂಡ ಹೋಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಅಕ್ಟೋಬರಿನಲ್ಲೇ ಕೇಳಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ತಾವಾಗಿಯೇ ತಿಳಿಸಿದರೆ ಇನ್ನೂ ಒಳ್ಳೆಯದು. ಒಂದು ಗ್ರಾಮದಿಂದ ಎರಡು ಮೂರು ಕಾರುಗಳು ಹೊರಡುವುದಾದರೆ, ಎಲ್ಲರ ಪರವಾಗಿ ಒಬ್ಬರೇ ಒಂದೇ ಲಾಡ್ಜಿಗೆ ಫೋನು ಮಾಡಿ ಐದಾರು ಕೋಣೆಗಳ ಮಾತಾಡಿದಾಗ ಬಾಡಿಗೆಯಲ್ಲಿ ರಿಯಾಯಿತಿ ಕೇಳುವ ಧೈರ್ಯವೂ ಬರುತ್ತದೆ.

ಫೋನಿನಲ್ಲಿ ಕೇಳಬೇಕಾದದ್ದು

ಮೊಬೈಲಿನ ಆ್ಯಪುಗಳಲ್ಲಿ ಕೋಣೆಯ ಚಿತ್ರ ಮತ್ತು ದರ ನೋಡಬಹುದು. ಆದರೆ ಚಿತ್ರದಲ್ಲಿ ಕಾಣದ ಸಂಗತಿಗಳೇ ಕಾರಿನಲ್ಲಿ ಬರುವವರಿಗೆ ಮುಖ್ಯ. ಲಾಡ್ಜಿನ ಕಚೇರಿಗೇ ಫೋನು ಮಾಡಿ ಮೊದಲು ಕೇಳಬೇಕಾದ ಪ್ರಶ್ನೆ ಇದು: “ಸಾರ್, ಕಾರು ನಿಮ್ಮ ಕಾಂಪೌಂಡಿನ ಒಳಗೇ ನಿಲ್ಲುತ್ತದೆಯೇ, ರಸ್ತೆ ಬದಿಯಲ್ಲೇ?” ‘ಪಾರ್ಕಿಂಗ್ ಇದೆ’ ಎಂಬ ಉತ್ತರಕ್ಕೆ ಎರಡೂ ಅರ್ಥವಾಗುತ್ತದೆ. ಮೇಳದಲ್ಲಿ ಕೊಂಡ ಕಳೆ ಕತ್ತರಿಸುವ ಯಂತ್ರವೋ ಸ್ಪ್ರೇಯರೋ ಕಾರಿನಲ್ಲೇ ಇರುವಾಗ ರಸ್ತೆ ಬದಿಯಲ್ಲಿ ನಿಲ್ಲಿಸಿದವರಿಗೆ ನಿದ್ದೆ ಬಾರದು. ಮೇಲೆ ಕ್ಯಾರಿಯರ್ ಇರುವ ಜೀಪಾದರೆ ನೆಲಮಾಳಿಗೆಯ ಪಾರ್ಕಿಂಗಿನ ಎತ್ತರವನ್ನು ಕೇಳಬೇಕು. ಸರಕು ಪಿಕಪ್‌ನಲ್ಲಿ ಬರುವವರು, ಸರಕು ವಾಹನಗಳಿಗೆ ನಗರದೊಳಗೆ ಸಮಯದ ನಿರ್ಬಂಧಗಳಿರುವುದನ್ನು ಮರೆಯಬಾರದು. ನಗರದ ಹೊರಗೇ ಉಳಿಯಲು ಇದೂ ಒಂದು ಕಾರಣ.

ಎರಡನೆಯ ಪ್ರಶ್ನೆ ಕೋಣೆ ಬಿಡುವ ಸಮಯದ್ದು. ಸಣ್ಣ ಊರುಗಳ ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ಗಂಟೆಯ ಪದ್ಧತಿ ಇನ್ನೂ ಹಲವೆಡೆ ಇದೆ. ಹಗಲು ಎರಡಕ್ಕೆ ಹೊಕ್ಕರೆ ಮಾರನೆಯ ದಿನ ಎರಡರವರೆಗೆ ಒಂದೇ ದಿನದ ಬಾಡಿಗೆ. ಬೇರೆ ಕೆಲವೆಡೆ ಯಾವಾಗ ಬಂದರೂ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯಿತು. ಮುಂಜಾನೆ ಆರಕ್ಕೆ ತಲಪಿದವರಿಗೆ ಈ ಎರಡು ಪದ್ಧತಿಗಳ ವ್ಯತ್ಯಾಸ ಒಂದಿಡೀ ದಿನದ ಬಾಡಿಗೆಯಷ್ಟಾದೀತು.

ಹೇಳಿದ ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ವಿಚಾರಿಸಬೇಕು. ಸಾವಿರ ರೂಪಾಯಿಯವರೆಗಿನ ಕೋಣೆಗಳಿಗಿದ್ದ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿ ಶೇಕಡಾ 12ರ ತೆರಿಗೆ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗಳಿಗೆ ಇದು ಶೇಕಡಾ 5ಕ್ಕೆ ಇಳಿದಿದೆ. ಹಳೆಯ ದರದಲ್ಲಿ ತೆರಿಗೆ ಕೇಳಿದರೆ ರಸೀದಿ ಕೊಡಿ ಎನ್ನಲು ಅಂಜಬೇಕಿಲ್ಲ. ನವೆಂಬರಿನಲ್ಲಿ ತುಳಸಿ ಪೂಜೆ ಕಳೆದ ಮೇಲೆ ಮದುವೆಯ ಮುಹೂರ್ತಗಳು ಆರಂಭವಾಗುವುದರಿಂದ ಕಲ್ಯಾಣ ಮಂಟಪದ ಹತ್ತಿರದ ಲಾಡ್ಜುಗಳು ದಿಬ್ಬಣದವರಿಂದ ತುಂಬಿ ಹೋಗುತ್ತವೆ. ಅಲ್ಲಿ ಕೋಣೆ ಸಿಕ್ಕರೂ ರಾತ್ರಿಯ ಗದ್ದಲ ತಪ್ಪದು. ಕೆಳಗೆ ಬಾರ್ ಇರುವ ಲಾಡ್ಜಿಗೂ ಇದೇ ಮಾತು ಅನ್ವಯಿಸುತ್ತದೆ, ಹೆಂಗಸರು ಜೊತೆಯಲ್ಲಿದ್ದರೆ ಅದನ್ನು ಬಿಟ್ಟೇ ಬಿಡಬೇಕು. ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ, ಮಂಡಿನೋವಿನ ಹಿರಿಯರಿಗೆ ಕೆಳ ಅಂತಸ್ತಿನ ಕೋಣೆ ಸಿಗುವುದೇ ಎಂಬುದನ್ನೂ ಕೇಳಿದರೆ ತಪ್ಪಿಲ್ಲ. ಕುಚ್ಚಲಕ್ಕಿಯ ಗಂಜಿ ಸಿಗುವುದೇ ಎಂದು ಮಾತ್ರ ಕೇಳಬೇಕಾಗಿಲ್ಲ, ಸಿಗದು.

ಮುಂಗಡ ಕಳುಹಿಸುವಾಗ ಎಚ್ಚರ ಬೇಕು. ಅಂತರ್ಜಾಲದಲ್ಲಿ ಸಿಕ್ಕ ಯಾವುದೋ ಸಂಖ್ಯೆಗೆ ಕರೆ ಮಾಡಿ, ಆ ಕಡೆಯವನು ಹೇಳಿದನೆಂದು ಪೂರ್ತಿ ಹಣ ಕಳಿಸಿ ಮೋಸಹೋಗುವ ಸಾಧ್ಯತೆಯಿದೆ. ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು ಮುಂಗಡ ಕೊಡಬಾರದು. ಫೋನಿಗೆ ಬಂದ ಗುಟ್ಟಿನ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ತಲಪಿದ ಮೇಲೆ ಕೋಣೆಯನ್ನು ನೋಡಿಯೇ ಉಳಿದ ಹಣ ಕೊಡಬೇಕು. ಗುರುತಿನ ಚೀಟಿಯನ್ನು ಒಬ್ಬರಲ್ಲ, ನಾಲ್ವರೂ ತಂದಿರಬೇಕು.

ಕೆಲಸ ಆಸ್ಪತ್ರೆಯದಾದರೆ

ಬೆಂಗಳೂರಿಗೆ ಕಾರಿನಲ್ಲಿ ಹೋಗುವ ಪ್ರಮೇಯ ಮೇಳಕ್ಕಿಂತ ಹೆಚ್ಚಾಗಿ ಕಾಯಿಲೆಯಿಂದ ಬರುತ್ತದೆ. ಆಗ ದಿಕ್ಕು ಬದಲಾಗುತ್ತದೆ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ ಮೂರೂ ನಗರದ ದಕ್ಷಿಣ ಭಾಗದಲ್ಲಿರುವುದರಿಂದ ಮೈಸೂರು ದಾರಿಯೂ ಬಿಡದಿ, ಕೆಂಗೇರಿ ಕಡೆಯ ಕೋಣೆಯೂ ಸರಿಹೋಗುತ್ತವೆ. ಇಲ್ಲಿ ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಮೆಟ್ರೋ ರೈಲು ಹಿಡಿಯಬಹುದು. ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಅದರಾಚೆಯ ಚಲ್ಲಘಟ್ಟಕ್ಕೆ ಬಂದಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೂ ಆರ್.ವಿ. ರಸ್ತೆ ನಿಲ್ದಾಣದಲ್ಲಿ 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೂ ಬದಲಾಯಿಸಿಕೊಂಡರೆ ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲೇ ಇಳಿಯಬಹುದು. ನಿಮ್ಹಾನ್ಸ್, ಕಿದ್ವಾಯಿಗಳಿಗೆ ಹಸಿರು ಮಾರ್ಗದ ಲಾಲ್‌ಬಾಗ್‌ನಲ್ಲಿ ಇಳಿದು ಆಟೋ ಹಿಡಿಯಬೇಕು. ಜಿಕೆವಿಕೆಯ ಕಡೆಗೆ ಮಾತ್ರ ಈ ಮಾರ್ಗಗಳು ಹೋಗುವುದಿಲ್ಲ. ಆದರೆ ಈ ಉಳಿತಾಯವೆಲ್ಲ ಜೊತೆಯಲ್ಲಿ ಹೋದವರಿಗೆ ಸಂಬಂಧಿಸಿದ್ದು. ಚಿಕಿತ್ಸೆಯಲ್ಲಿರುವವರನ್ನು ಬಾಡಿಗೆ ಉಳಿಸಲೆಂದು ದಿನಾ ಮೂವತ್ತು ಕಿ.ಮೀ. ಅಲೆದಾಡಿಸುವುದು ಸಲ್ಲದು. ರೋಗಿಗಳಿಗೂ ಜೊತೆಗಾರರಿಗೂ ಇರುವ ಧರ್ಮಶಾಲೆಯ ಬಗ್ಗೆ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಬೇಕು.

ಹೊರಡುವ ದಿನ, ಮರಳುವ ದಿನ

2024, 2025ರ ಮೇಳಗಳು ಗುರುವಾರ ಆರಂಭವಾಗಿ ಭಾನುವಾರ ಮುಗಿದವು. ಶನಿವಾರ, ಭಾನುವಾರಗಳಂದು ನಗರದವರು ಮಕ್ಕಳೊಡನೆ ಬರುವುದರಿಂದ ಮಳಿಗೆಗಳಲ್ಲಿ ನಿಂತು ಮಾತಾಡಲು ಆಸ್ಪದ ಕಡಿಮೆ. ದೂರದ ರೈತರು ಬುಧವಾರ ಬೆಳಿಗ್ಗೆ ಐದಕ್ಕೆ ಊರು ಬಿಟ್ಟರೆ ಘಾಟಿಯನ್ನು ಬೆಳಕಿನಲ್ಲಿ ಹತ್ತಿ, ಮಧ್ಯಾಹ್ನ ಎರಡರ ಹೊತ್ತಿಗೆ ದೊಡ್ಡಬಳ್ಳಾಪುರ ಸೇರಿ, ಚಾಲಕನಿಗೆ ಒಂದು ಸಂಜೆಯ ವಿಶ್ರಾಂತಿ ಕೊಡಬಹುದು. ಫಾಸ್ಟ್‌ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. 2025ರ ನವೆಂಬರ್ 15ರಿಂದ, ಟ್ಯಾಗ್ ಕೆಲಸ ಮಾಡದಿದ್ದಾಗ ನಗದು ಕೊಟ್ಟರೆ ಎರಡರಷ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲರಷ್ಟು ಟೋಲ್ ಎಂಬ ನಿಯಮ ಜಾರಿಗೆ ಬಂದಿತ್ತು. ಗುರುವಾರ, ಶುಕ್ರವಾರ ಮೇಳಕ್ಕೆ ಬೆಳಿಗ್ಗೆ ಏಳೂವರೆಯೊಳಗೆ ಹೊರಡುವುದು ಉತ್ತಮ. ಹೆಬ್ಬಾಳದ ಕಡೆಯಿಂದ ಬರುವವರು ವಿಮಾನ ನಿಲ್ದಾಣದ ಮೇಲ್ಸೇತುವೆ ಹತ್ತಿದರೆ ಜಿಕೆವಿಕೆಯ ದ್ವಾರ ಕೆಳಗೇ ಉಳಿದುಹೋಗುತ್ತದೆ. ಪಕ್ಕದ ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು.

ಶುಕ್ರವಾರ ಸಂಜೆ ಮೇಳ ಮುಗಿಸಿ ‘ಹೇಗೂ ಹೊರಟೇ ಬಿಡೋಣ, ಒಂದು ರಾತ್ರಿಯ ಬಾಡಿಗೆ ಉಳಿಯಿತು’ ಎಂಬ ಮಾತು ಬರುವುದು ಸಹಜ. ಹಗಲೆಲ್ಲ ಬಿಸಿಲಲ್ಲಿ ನಡೆದ ಚಾಲಕ ಹಾಸನ ದಾಟುವಾಗ ರಾತ್ರಿ ಹತ್ತಾಗಿರುತ್ತದೆ, ಸಕಲೇಶಪುರದಿಂದ ಮುಂದೆ ಮಂಜು, ಶಿರಾಡಿಯಲ್ಲಿ ಎದುರಿನಿಂದ ಲಾರಿಗಳ ಸಾಲು. ಮೂರನೆಯ ರಾತ್ರಿಯ ಬಾಡಿಗೆಯನ್ನು ಪ್ರವಾಸದ ಖರ್ಚಿನಲ್ಲಿ ಮೊದಲೇ ಸೇರಿಸಿಟ್ಟರೆ ಈ ಚರ್ಚೆಯೇ ಹುಟ್ಟುವುದಿಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟವರು ಹಗಲಿನಲ್ಲೇ ಘಾಟಿ ಇಳಿದು ಎರಡು ಗಂಟೆಯ ಸುಮಾರಿಗೆ, ಅಂಗಳದ ಅಡಿಕೆಯನ್ನು ಸಂಜೆ ರಾಶಿ ಮಾಡುವುದಕ್ಕೆ ಮುಂಚೆಯೇ ಐವರ್ನಾಡು ಸೇರಬಹುದು.

ಸಸಿಗಳನ್ನು ಮೊದಲ ದಿನವೇ ಕೊಂಡು ಮುಚ್ಚಿದ ಕಾರಿನಲ್ಲಿಡಬಾರದು. ಬಿಸಿಲಿಗೆ ನಿಂತ ಕಾರಿನ ಒಳಗಿನ ಶಾಖಕ್ಕೆ ಎಳೆಯ ಕಸಿ ಗಿಡಗಳು ಬಾಡಿ ಹೋಗುತ್ತವೆ. ಶುಕ್ರವಾರ ಸಂಜೆ ಕೊಂಡು, ಲಾಡ್ಜಿನವರ ಒಪ್ಪಿಗೆ ಪಡೆದು ರಾತ್ರಿ ಕಾಂಪೌಂಡಿನ ಮೂಲೆಯಲ್ಲಿ ನೀರು ಚಿಮುಕಿಸಿ ಇಡಬೇಕು. ಬಯಲುಸೀಮೆಯಿಂದ ತಂದ ಗಿಡಗಳನ್ನು ಮನೆಗೆ ಬಂದ ಕೂಡಲೇ ನೆಡದೆ ಒಂದೆರಡು ವಾರ ನೆರಳಿನಲ್ಲಿ, ತೋಟದಿಂದ ದೂರ ಬೇರೆಯಾಗಿ ಇರಿಸಿ, ಎಲೆಗಳಲ್ಲಿ ಚುಕ್ಕೆಯಾಗಲಿ ಕೀಟವಾಗಲಿ ಕಾಣದಿದ್ದರೆ ಮಾತ್ರ ತೋಟಕ್ಕೆ ಒಯ್ಯಬೇಕು.